ಓರಗಿತ್ತಿಯ ಗಿಟಾರು

ಕಳೆದ ವಾರ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸೆಕೆ ಎಂದು ಕಿಟಕಿಯ ಗಾಜು ಸರಿಸಿದ್ದೇ ತಡ, ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಒಣಹುಲ್ಲು, ಬೆಲ್ಲದ ಪಾಕ, ಹಸಿ ಸೌದೆಯ ಹೊಗೆ ಮೂರನ್ನೂ ಕಲೆಸಿದ ಹಾಗಿರುತ್ತದೆ ಅದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನಾನು ಮುಖವನ್ನು ಇನ್ನಷ್ಟು ಕಿಟಕಿಯ ಹತ್ತಿರ ಒಯ್ದೆ. ಆ ವಾಸನೆ ಬಂದಾಗೆಲ್ಲ ನನಗೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ. ನಾನು ಮೊದಲ ಸಲ ಗಿಟಾರು ಕೊಂಡ ಮಳೆಗಾಲ. ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಡುವುದು ಅಂದರೆ ಏನು ಅಂತ ಸರಿಯಾಗಿ ಗೊತ್ತಾದ ಮಳೆಗಾಲವೂ ಅದೇ.

ಆಗ ನಾವೆಲ್ಲ ಹಾರನಹಳ್ಳಿಗೆ ಹತ್ತಿರದ ಊರೊಂದರಲ್ಲಿ ಒಟ್ಟಿಗಿದ್ದೆವು, ಹೊಗೆಸೊಪ್ಪು ಬೆಳೆಯುವ ಮನೆ. ಅತ್ತೆ, ಮಾವ, ನನ್ನ ಗಂಡ ಮಹೇಶ, ಮೈದುನ ಮಂಜು, ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಕಾವ್ಯ. ನಾನು ಹುಣಸೂರು ಪೇಟೆಯಲ್ಲಿ ಬೆಳೆದವಳು. ಅಪ್ಪ ಟೈಲರ್. ಮದುವೆಯಾದ ಮೇಲೂ ಪಿರಿಯಾಪಟ್ಟಣದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆ.

ಆ ಕ್ಲಿನಿಕ್ಕಿನಲ್ಲಿ ಡೋಲ್ಮಾ ಎಂಬ ನರ್ಸ್ ಇದ್ದಳು. ಬೈಲಕುಪ್ಪೆಯ ಕ್ಯಾಂಪಿನವಳು, ಟಿಬೆಟನ್ನರ ಹುಡುಗಿ. ನಮಗಿಂತ ಚೆನ್ನಾಗಿ ನಮ್ಮ ಕಡೆಯ ಕನ್ನಡ ಮಾತಾಡುತ್ತಿದ್ದಳು. ಡಾಕ್ಟರ ಹುಟ್ಟುಹಬ್ಬದ ದಿನ ಅವಳು ಮನೆಯಿಂದ ಗಿಟಾರು ತಂದು ಎರಡು ಹಾಡು ನುಡಿಸಿದಳು. ಕೇಕು ತಿನ್ನುವ ಗಲಾಟೆಯಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಅದನ್ನು ಎತ್ತಿಕೊಂಡು ದಪ್ಪ ತಂತಿಯೊಂದನ್ನು ಮೀಟಿದೆ. ಮರ ನನ್ನ ಎದೆಗೆ ತಾಗಿಕೊಂಡೇ ನಡುಗಿತು. ಸದ್ದು ನಿಂತ ಮೇಲೂ ಒಳಗೆ ಸ್ವಲ್ಪ ಹೊತ್ತು ಏನೋ ಅದುರುತ್ತಿತ್ತು. ಚಿಕ್ಕಂದಿನಿಂದ ಹಾಡಬೇಕು, ಏನಾದರೂ ಕಲಿಯಬೇಕು ಎಂದು ಆಸೆಯಿದ್ದ, ಆದರೆ ಯಾವತ್ತೂ ಬಾಯಿಬಿಟ್ಟು ಕೇಳದ ನಾನು ಅವತ್ತು ಒಂದು ತೀರ್ಮಾನಕ್ಕೆ ಬಂದೆ. ನನಗೂ ಒಂದು ಬೇಕು.

ಮುಂದಿನ ಭಾನುವಾರ ಡೋಲ್ಮಾಳನ್ನು ಕರೆದುಕೊಂಡು ಮೈಸೂರಿನ ಒಂದು ವಾದ್ಯದ ಅಂಗಡಿಗೆ ಹೋದೆ. ಮನೆಯಲ್ಲಿ ಮಹೇಶನಿಗೆ ಮಾತ್ರ ಹೇಳಿದ್ದೆ. ಅವನು ನಕ್ಕು, "ತಗೋ ಬುಡು, ನಿನ್ ಸಂಬಳ, ನಿನ್ನಿಷ್ಟ" ಎಂದಿದ್ದ. ಅಂಗಡಿಯ ಗೋಡೆಯ ತುಂಬ ಗಿಟಾರುಗಳು ನೇತಾಡುತ್ತಿದ್ದವು. ಡೋಲ್ಮಾ ದಾರಿಯುದ್ದಕ್ಕೂ ಪಾಠ ಹೇಳಿದ್ದಳು.

"ಬಣ್ಣ ನೋಡ್ಬೇಡ ಕಣೇ ಸುಧಾ. ಮೊದ್ಲು ಕೂತ್ಕೊಂಡು ತೊಡೆ ಮೇಲಿಟ್ಕೊ, ಕೈ ಆರಾಮಾಗಿ ಸುತ್ತಕ್ಕೆ ಬತ್ತದಾ ನೋಡು. ತಂತಿಗೂ ಕೆಳಗಿನ ಮರಕ್ಕೂ ಸಂದಿ ಕಮ್ಮಿ ಇರ್ಬೇಕು. ಒಂದೊಂದು ಫ್ರೆಟ್ ಹತ್ರನೂ ಒತ್ತಿ ಮೀಟು. ಎಲ್ಲಾದ್ರೂ ಕಿರ್ ಅಂದ್ರೆ ಬೇಡ, ಸದ್ದು ಮೊಂಡಾಗಿ ಸತ್ತೋದ್ರೆ ಅದೂ ಬೇಡ."

ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗಳು. ಅವಳು ಒಂದು ಕಂದು ಬಣ್ಣದ, ಯಾವ ಅಲಂಕಾರವೂ ಇಲ್ಲದ ಗಿಟಾರನ್ನು ಆರಿಸಿ ನನ್ನ ತೊಡೆಯ ಮೇಲಿಟ್ಟಳು. ಆದರೆ ನನ್ನ ಕಣ್ಣು ಅಷ್ಟರಲ್ಲೇ ಗೋಡೆಯ ಮೇಲಿದ್ದ ಒಂದು ನೀಲಿ ಗಿಟಾರಿನ ಮೇಲೆ ನೆಟ್ಟಿತ್ತು. ನವಿಲಿನ ಕತ್ತಿನ ಬಣ್ಣ. ಅಂಚಿಗೆ ಹೋದ ಹಾಗೆ ಕಪ್ಪಾಗುತ್ತಿತ್ತು. ಮುಖ ಕಾಣುವಷ್ಟು ಹೊಳಪು. ಅಂಗಡಿಯವನು ಗಮನಿಸಿದ. "ಇದೇ ಮೇಡಂ, ಎಲ್ರೂ ತಗೊಂಡೋಗೋದು" ಎಂದು ಇಳಿಸಿಯೇ ಬಿಟ್ಟ. ಡೋಲ್ಮಾ ಅದರ ತಂತಿ ಒತ್ತಿ ನೋಡಿ ಮುಖ ಸಿಂಡರಿಸಿದಳು. "ಸಂದಿ ಜಾಸ್ತಿ ಅದೆ. ಬೆರಳು ಸೀಳೋಯ್ತದೆ." ನಾನು ಕೇಳಿಸಿಕೊಳ್ಳಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಅಂತಲೇ ಒಂದು ವಸ್ತು ಕೊಳ್ಳುತ್ತಿದ್ದೆ, ಅದು ಚೆಂದವಾಗಿರಬೇಕಿತ್ತು.

ಕರಿಯ ಚೀಲದಲ್ಲಿ ಅದನ್ನು ಬೆನ್ನಿಗೆ ಹಾಕಿಕೊಂಡು ಊರಿನ ಬಸ್ ಸ್ಟಾಪಿನಿಂದ ಮನೆಯವರೆಗೆ ನಡೆದೆ. ಜನ ಬಾಗಿಲಿಗೆ ಬಂದು ನೋಡಿದರು. ಮನೆಯಲ್ಲಿ ಮಾವ ಚೀಲ ಬಿಚ್ಚಿಸಿ, "ಏನ್ ಮಗಾ ಇದು, ಸೋರೆಬುರುಡೆಗೆ ತಂತಿ ಕಟ್ಟದಂಗದಲ್ಲ!" ಎಂದು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದರು. ಅತ್ತೆ, "ಎಲೆ ಮುರಿಯೋ ಹೊತ್ನಲ್ಲಿ ಇದೊಂದು ಕಮ್ಮಿಯಾಗಿತ್ತು" ಎಂದು ಒಲೆಯ ಕಡೆ ತಿರುಗಿದರು. ಅಷ್ಟರಲ್ಲೇ ಮುಗಿಯಿತು, ಜಗಳವೇನೂ ಆಗಲಿಲ್ಲ. ಬಾಗಿಲ ಸಂದಿಯಲ್ಲಿ ಕಾವ್ಯ ನಿಂತಿದ್ದಳು. ಗಿಟಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಆ ಹೊತ್ತಿಗೆ ಹೊಗೆಸೊಪ್ಪಿನ ಕೆಲಸ ಏರಿತ್ತು. ಮಳೆ ಸಣ್ಣಗೆ ಬಿಟ್ಟುಬಿಟ್ಟು ಹೊಡೆಯುತ್ತಿತ್ತು. ಹೊಲದಿಂದ ಮುರಿದು ತಂದ ಎಲೆಗಳನ್ನು ಹೆಂಗಸರು ಚಪ್ಪರದ ಕೆಳಗೆ ಕೂತು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟುತ್ತಿದ್ದರು. ಗಂಡಸರು ಆ ಕಡ್ಡಿಗಳನ್ನು ಬ್ಯಾರನ್ನಿನ ಒಳಗೆ ಸಾಲಾಗಿ ನೇತುಹಾಕುತ್ತಿದ್ದರು. ಬ್ಯಾರನ್ ಎಂದರೆ ಎತ್ತರದ, ಕಿಟಕಿಯಿಲ್ಲದ ಮನೆ. ಹೊರಗಿನಿಂದ ಸೌದೆ ಹಾಕಿದರೆ ಒಳಗಿನ ಕೊಳವೆಗಳು ಕಾದು ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಬೆಂಕಿ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಹಸಿರಾಗಿಯೇ ಉಳಿಯುತ್ತದೆ. ಹಾಗಾಗಿ ಯಾರಾದರೂ ಒಬ್ಬರು ಒಲೆಯ ಬಾಯಿಯ ಹತ್ತಿರ ಕೂತಿರಲೇಬೇಕು. ರಾತ್ರಿ ಪಾಳಿ ಅಣ್ಣತಮ್ಮಂದಿರದು. ಮಧ್ಯಾಹ್ನದ ಪಾಳಿ ಮಾವನದು, ಜೊತೆಗೆ ನಾನು ಇಲ್ಲವೇ ಕಾವ್ಯ.

ನಾನು ಆ ಪಾಳಿಗೆ ಗಿಟಾರು ಒಯ್ಯತೊಡಗಿದೆ. ಬಿಸಿ ತಾಗದಷ್ಟು ದೂರದಲ್ಲಿ, ಚಪ್ಪರದ ತುದಿಗೆ ಕೂತು, ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕಲಿಯುತ್ತಿದ್ದೆ. ಡೋಲ್ಮಾ ಹೇಳಿದ್ದು ಸರಿಯಾಗಿತ್ತು. ತಂತಿಗಳು ಎಷ್ಟು ಮೇಲಿದ್ದವೆಂದರೆ ಒತ್ತಿದರೆ ಬೆರಳ ತುದಿಯಲ್ಲಿ ಗೆರೆ ಮೂಡಿ ನೀಲಿಗಟ್ಟುತ್ತಿತ್ತು. ಹಲವು ಸ್ವರಗಳನ್ನು ಒಟ್ಟಿಗೆ ಹೊರಡಿಸುವ ಕಾರ್ಡುಗಳಲ್ಲಿ ಮೂರು ಬೆರಳು ಇಟ್ಟು ನುಡಿಸುವಂಥವು ಹೇಗೋ ಬಂದವು. ತೋರುಬೆರಳನ್ನು ಎಲ್ಲಾ ತಂತಿಗಳ ಮೇಲೂ ಮಲಗಿಸಿ ಒತ್ತಬೇಕಾದದ್ದು ಮಾತ್ರ ಎಷ್ಟು ಹೆಣಗಿದರೂ ತಗಡು ಬಡಿದ ಹಾಗೆ ಕೇಳುತ್ತಿತ್ತು. ಲ್ಯಾಬಿನಲ್ಲಿ ಸಿರಿಂಜು ಹಿಡಿದಾಗ ಬೆರಳು ಉರಿಯುತ್ತಿತ್ತು. ಆದರೂ ಆ ದಿನಗಳಲ್ಲಿ ನನಗೆ ತುಂಬಾ ಖುಷಿಯಿತ್ತು. ಕಾವ್ಯ ಅದನ್ನು ಮುಟ್ಟುವವರೆಗೆ.

ಕಾವ್ಯ ಕೆ.ಆರ್. ನಗರದ ಕಡೆಯವಳು, ಚುಂಚನಕಟ್ಟೆ ಹತ್ತಿರದ ಊರು. ಕಾವೇರಿ ನೀರಿನ ಭತ್ತದ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು ಬೆಳೆದ ಹುಡುಗಿ. ಮಾತು ಕಡಿಮೆ. ಒಂದು ಮಧ್ಯಾಹ್ನ ಎಲೆ ಕಟ್ಟುವ ಕೆಲಸ ಮುಗಿಸಿ ಬಂದವಳು, ಎಲೆಯ ಅಂಟಿನಿಂದ ಕಪ್ಪಾಗಿದ್ದ ಕೈಗೆ ಹುಣಸೆಹಣ್ಣು ಹಚ್ಚಿ, ಸೋಪು ಹಾಕಿ, ಚೆನ್ನಾಗಿ ತಿಕ್ಕಿ ತೊಳೆದು, ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಕೂತಳು.

"ಅಕ್ಕ, ಒಂದ್ಕಿತ ಮುಟ್ಲಾ?"

"ಮುಟ್ಟು. ಆದ್ರೆ ಒತ್ತೋದು ಕಷ್ಟ ಕಣೇ, ನೋಯ್ತದೆ" ಎಂದು ಕೊಟ್ಟೆ. ನೋಯುತ್ತದೆ ಎಂದು ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಅವಳಿಗೆ ನೋಯಲಿಲ್ಲ. ಅವಳ ಬೆರಳುಗಳು ಗಟ್ಟಿಯಾಗಿದ್ದವು, ಉದ್ದವಾಗಿದ್ದವು. ನಾನು ವಾರಗಟ್ಟಲೆ ಹೆಣಗಿದ ಆ ಕಾರ್ಡನ್ನು ತೋರಿಸಿದೆ. ತೋರುಬೆರಳನ್ನು ಮಲಗಿಸಿ, ಒತ್ತಿ, ಮೀಟಿದಳು. ಎಲ್ಲ ತಂತಿಗಳೂ ನಿಚ್ಚಳವಾಗಿ ಒಟ್ಟಿಗೆ ನುಡಿದವು. "ಇಂಗಾ ಅಕ್ಕ?" ಎಂದು ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ನಾನು "ಹ್ಞೂಂ, ಹಂಗೇ" ಎಂದೆ.

ಆಮೇಲೆ ಅವಳನ್ನು ತಡೆಯಲು ಆಗಲಿಲ್ಲ. ವಿಡಿಯೋ ನೋಡುವುದು ಅವಳಿಗೆ ಬೇಕಾಗಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಹಾಡುವ ಸೋಬಾನೆ ಪದವೊಂದನ್ನು ಗುನುಗುತ್ತಾ ತಂತಿಗಳ ಮೇಲೆ ಹುಡುಕಿದಳು, ತಪ್ಪಿದಳು, ಮತ್ತೆ ಹುಡುಕಿದಳು, ಸಂಜೆಯ ಹೊತ್ತಿಗೆ ಅದು ಅವಳ ಕೈಗೆ ಬಂದಿತ್ತು. ಚಪ್ಪರದ ಕೆಳಗೆ ಎಲೆ ಕಟ್ಟುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ದನಿ ಸೇರಿಸಿದರು. ಮಾವ ಒಲೆಗೆ ಹಾಕಬೇಕಾದ ಸೌದೆಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ನಿಂತು ಕೇಳಿದರು. ನಾನು ಇಷ್ಟು ದಿನ ನುಡಿಸಿದಾಗ ಅವರು ಒಂದು ಸಲವೂ ಎದ್ದು ಬಂದಿರಲಿಲ್ಲ.

ಹೊಟ್ಟೆಕಿಚ್ಚು ಒಮ್ಮೆಲೇ ಬರುವುದಿಲ್ಲ. ಮೊದಲು ಸಣ್ಣ ಲೆಕ್ಕಾಚಾರಗಳಾಗಿ ಬರುತ್ತದೆ. ಅವಳು ಹೊಲದ ಕೆಲಸ ಮಾಡಿ ಬೆಳೆದವಳು, ಅದಕ್ಕೇ ಬೆರಳು ನೋಯುವುದಿಲ್ಲ ಎಂದು ಹೇಳಿಕೊಂಡೆ. ಅವಳಿಗೆ ಕ್ಲಿನಿಕ್ಕಿಲ್ಲ, ಸಮಯವಿದೆ ಎಂದುಕೊಂಡೆ. ಅದು ಸುಳ್ಳು, ಅವಳಿಗೆ ನನಗಿಂತ ಹೆಚ್ಚು ಕೆಲಸವಿತ್ತು. ಗಿಟಾರಿನ ಕತ್ತಿನ ಮೇಲೆ ಎಲೆಯ ಅಂಟಿನ ಕಲೆ ಇದೆಯೇನೋ ಎಂದು ಬೆಳಕಿಗೆ ಹಿಡಿದು ಹುಡುಕಿದೆ. ಕಲೆ ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು. ಊಟಕ್ಕೆ ಕೂತಾಗ ಮಹೇಶ, "ಕಾವ್ಯ ಏನ್ ಚೆಂದಾಗಿ ನುಡಿಸ್ತಾಳೆ ಅಲ್ವಾ ಸುಧಾ" ಎಂದ. ಏನೂ ಕೆಟ್ಟ ಮಾತಲ್ಲ. ನಾನು ಅವನ ತಟ್ಟೆಗೆ ಸಾರು ಬಡಿಸದೆ ಎದ್ದು ಹೋದೆ. ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ.

ಬರಬರುತ್ತಾ ಎಲೆ ಕಟ್ಟುವ ಹೆಂಗಸರು ನಾನು ಗಿಟಾರು ಹಿಡಿದು ಬಂದ ಕೂಡಲೇ ಕೇಳತೊಡಗಿದರು: "ಕಾವ್ಯವ್ವ ಎಲ್ಲಿ?" ಒಂದು ದಿನ ಹಟಕ್ಕೆ ಬಿದ್ದು ನಾನೇ ಒಂದು ಹಾಡು ನುಡಿಸಿದೆ. ಸುಮ್ಮನಿದ್ದು ಕೇಳಿದರು. ಮುಗಿದ ಮೇಲೆ ಒಬ್ಬಳು "ಚೆಂದಾಗದೆ ಕಣವ್ವಾ" ಎಂದು ಹೇಳಿ, ತನ್ನ ನಾದಿನಿಯ ಸುದ್ದಿಯನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ನಾನು ಗಿಟಾರನ್ನು ಚೀಲಕ್ಕೆ ಹಾಕಿ ಬೀರುವಿನ ಮೇಲೆ ಇಡತೊಡಗಿದೆ. ಕಾವ್ಯ ಕೇಳಿದರೆ, "ತಂತಿ ಸಡ್ಲ ಆಗ್ತದೆ, ಸ್ವಲ್ಪ ದಿನ ಇರ್ಲಿ" ಎಂದೆ. ಅವಳು ನಂಬಿದಳೋ ಇಲ್ಲವೋ, "ಆಗ್ಲಿ ಅಕ್ಕ" ಎಂದಳು.

ಆ ಸಲದ ಕೊನೆಯ ಕಟಾವಿನ ಹೊತ್ತಿಗೆ ಅತ್ತೆಯ ತಂಗಿ ಬೆಟ್ಟದಪುರದಿಂದ ಬಂದರು. ಕಾಫಿ ಕುಡಿಯುತ್ತಾ, "ಎಲ್ಲಕ್ಕಾ, ನಿನ್ ಕಿರೀಸೊಸೆ ಗಿಟಾರು? ನಮ್ಮೂರವರ್ಗೂ ಸುದ್ದಿ ಬಂದದೆ. ಒಂದ್ಪದ ಬಾರ್ಸು ಅನ್ನು, ಕೇಳನ" ಎಂದರು. ಅತ್ತೆ ಸಂಭ್ರಮದಿಂದ ಕಾವ್ಯಳನ್ನು ಕರೆದರು. ಗಿಟಾರು ಬಂದ ದಿನ ಮೂಗು ಮುರಿದಿದ್ದ ಅತ್ತೆಯೇ! ಕಾವ್ಯ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಅದು ಕಾವ್ಯನ್ದಲ್ಲ. ನನ್ನ ಗಿಟಾರು" ಎಂದೆ.

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅಂಗಳದಲ್ಲಿದ್ದ ಮಾವನಿಗೂ ಕೇಳಿಸಿತು. ಅತ್ತೆಯ ತಂಗಿ ಲೋಟ ಕೆಳಗಿಟ್ಟರು. ಕಾವ್ಯ ಮಾತ್ರ ನೆಮ್ಮದಿಯಾಗಿಯೇ, "ಊಂ ಚಿಕ್ಕತ್ತೆ, ಅದು ಅಕ್ಕಂದೇ" ಎಂದು ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಅವಳು ಗಿಟಾರನ್ನು ಮುಟ್ಟಲೇ ಇಲ್ಲ. ನನ್ನೊಡನೆ ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ, ಅಷ್ಟಾದರೂ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಚಪ್ಪರದ ಕೆಳಗೆ ಮಳೆಯ ಸದ್ದು, ಸೌದೆ ಸಿಡಿಯುವ ಸದ್ದು ಎರಡೇ ಉಳಿದವು. ಒಂದು ಮಧ್ಯಾಹ್ನ ಮಾವ ಒಲೆಯ ಕಡೆಯೇ ನೋಡುತ್ತಾ, "ಯಾಕ್ ಮಗಾ, ತಂತಿ ಕಿತ್ತೋಯ್ತಾ?" ಎಂದರು.

"ಇಲ್ಲ ಮಾವ."

"ಅಂಗಾ" ಎಂದು ಒಂದು ಕೊರಡನ್ನು ಒಳಕ್ಕೆ ತಳ್ಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಲೆಯ ಕೆಲಸವೆಲ್ಲ ಮುಗಿದು ಬ್ಯಾರನ್ ಆರಿದ ಮೇಲೆ, ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಲ್ಲಿಗೆ ಕಾವ್ಯ ಬಂದಳು. ಬಕೆಟ್ಟಿನಿಂದ ಒಂದು ಸೀರೆ ತೆಗೆದು ಹಿಂಡುತ್ತಾ ಹೇಳಿದಳು:

"ಅಕ್ಕ, ನಾನೂ ಒಂದು ಗಿಟಾರು ತಗೋತೀನಿ. ನಮ್ಮಪ್ಪ ಹಬ್ಬಕ್ಕೆ ಕೊಟ್ಟಿದ್ದ ದುಡ್ಡು ಹಂಗೇ ಅದೆ. ನೀವು ಜೊತೇಲಿ ಬನ್ನಿ."

"ನಾನ್ಯಾಕೆ? ಮಂಜೂನ ಕರ್ಕೊಂಡೋಗು."

"ಅವ್ರಿಗೇನ್ ಗೊತ್ತು? ನಂಗೂ ಅಷ್ಟೇ, ಬಾರ್ಸಕ್ಕೆ ಬತ್ತದೆ, ಆರ್ಸಕ್ಕೆ ಬರಕಿಲ್ಲ. ನೀವಾದ್ರೆ ಒಂದ್ಸಲ ತಗೊಂಡಿದೀರಿ."

ನಾನು ಸೀರೆಯ ಇನ್ನೊಂದು ತುದಿ ಹಿಡಿದು, "ಆಯ್ತು, ಭಾನುವಾರ ಹೋಗನ" ಎಂದೆ. ಹೋದೆವು. ಅದೇ ಅಂಗಡಿ. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು. ನನ್ನದರ ಹಾಗೆಯೇ ಇದ್ದ ಇನ್ನೊಂದು ನೀಲಿ ಗಿಟಾರನ್ನು ಇಳಿಸಿದ. ಕಾವ್ಯಳ ಕಣ್ಣು ಅರಳಿತು. "ಇದೇ ಇರ್ಲಿ ಅಕ್ಕ. ನಿಮ್ಮಂತದೇ. ಇಬ್ಬರ್ದೂ ಒಂದೇ ತರ."

ನಾನು ಆ ನೀಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮೀಟಿದೆ. ಅದೇ ಎತ್ತರದ ತಂತಿ, ಅದೇ ಬೇಗ ಸತ್ತುಹೋಗುವ ಸದ್ದು. ಪಕ್ಕದಲ್ಲಿ ಡೋಲ್ಮಾ ಅವತ್ತು ತೋರಿಸಿದಂಥದೇ ಕಂದು ಗಿಟಾರುಗಳ ಸಾಲು. ನೀಲಿಯದನ್ನು ಕಾವ್ಯಳ ಕೈಗೆ ಕೊಟ್ಟು, ಅವುಗಳಲ್ಲಿ ಒಂದನ್ನು ಸುಮ್ಮನೆ ಎತ್ತಿಕೊಂಡೆ. ಹಗುರವಾಗಿತ್ತು. ತಂತಿಗಳು ಕತ್ತಿಗೆ ಒರಗಿಕೊಂಡೇ ಇದ್ದಂತಿದ್ದವು. ಫ್ರೆಟ್ಟುಗಳ ಉದ್ದಕ್ಕೂ ಒಂದೊಂದಾಗಿ ಒತ್ತುತ್ತಾ ಹೋದೆ, ಎಲ್ಲೂ ಕಿರ್ ಎನ್ನಲಿಲ್ಲ. ಕೊನೆಗೆ ಆ ಹಾಳು ಕಾರ್ಡನ್ನು ಒತ್ತಿದೆ. ನನ್ನ ಕೈಯಲ್ಲೂ ಅದು ಬಂತು! ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಬೆರಳುಗಳ ಕೆಳಗೆ ಎಲ್ಲ ತಂತಿಗಳೂ ನುಡಿದವು. ಸದ್ದು ಅಂಗಡಿಯ ತುಂಬ ನಿಂತು ನಿಧಾನಕ್ಕೆ ಕರಗಿತು.

ಆ ಒಂದು ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಕಾವ್ಯ ನೀಲಿ ಗಿಟಾರಿನ ಹೊಳಪನ್ನು ಸವರುತ್ತಿದ್ದಳು. ನಾನು ಕಂದು ಗಿಟಾರನ್ನು ಗೋಡೆಗೆ ತಿರುಗಿ ನೇತುಹಾಕಿ "ನಡಿ, ಅದನ್ನೇ ತಗೊಳ್ಳನ" ಎಂದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಸಂತೋಷವಾಗಿ ಮನೆಗೆ ಬರುತ್ತಿದ್ದಳು. ಈ ಗಿಟಾರು ಅವಳ ಕೈಗೆ ಸಿಕ್ಕರೆ ಏನಾಗುತ್ತದೆಂದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

"ಕಾವ್ಯ, ಅದನ್ನ ಇಡು. ಇದನ್ನ ಹಿಡ್ಕೊ."

"ಇದು ಮಣ್ಣಿನ್ ಬಣ್ಣ ಅದೆ ಅಕ್ಕ."

"ಬಣ್ಣ ನೋಡ್ಬೇಡ. ಕಣ್ಮುಚ್ಕೊಂಡು ನುಡಿಸು."

ಅವಳು ಕಣ್ಣು ಮುಚ್ಚಿ ಅದೇ ಸೋಬಾನೆ ಪದ ನುಡಿಸಿದಳು. ಕೀಬೋರ್ಡು ನೋಡುತ್ತಿದ್ದ ಒಬ್ಬ ಹಿರಿಯರು ಇತ್ತ ತಿರುಗಿದರು. ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಿದ್ದವನು "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟ. ನಾನು ಹೊರಗಿನ ರಸ್ತೆ ನೋಡುತ್ತಾ ನಿಂತೆ. ಅವಳನ್ನೇ ನೋಡುತ್ತಿದ್ದರೆ ಅಳು ಬರುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವಳು ಆ ಕಂದು ಗಿಟಾರನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದಳು. ಹುಣಸೂರು ದಾಟಿದ ಮೇಲೆ ಕೇಳಿದಳು.

"ಅಕ್ಕ, ಇದು ನಿಮ್ಮದಕ್ಕಿಂತ ಚೆನ್ನಾಗದೆ ಅಲ್ವಾ?"

"ಹೂಂ."

"ಗೊತ್ತಿದ್ದೂ ಕೊಡ್ಸಿದ್ರಾ?"

ಏನೋ ದೊಡ್ಡಸ್ತಿಕೆಯ ಮಾತು ಬಾಯಿಗೆ ಬಂದಿತ್ತು. ಹೇಳಲಾಗಲಿಲ್ಲ. "ಕೆಟ್ಟದ್ದು ಕೊಡ್ಸಿದ್ರೂ ನೀನು ಅದ್ರಲ್ಲೇ ಚೆನ್ನಾಗಿ ನುಡಿಸ್ತಿದ್ದೆ ಕಣೇ. ಆಗ ನಂಗೆ ಇನ್ನೂ ಹೊಟ್ಟೆ ಉರೀತಿತ್ತು. ಇದಾದ್ರೆ ಗಿಟಾರ್ ಚೆನ್ನಾಗದೆ, ಅದಕ್ಕೇ ಹಂಗ್ ಕೇಳ್ತದೆ ಅಂತನಾದ್ರೂ ಅಂದ್ಕೋಬೋದು."

ಅವಳು ನನ್ನನ್ನೇ ನೋಡಿ, ಆಮೇಲೆ ಜೋರಾಗಿ ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಗು ನಿಂತ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು: "ನಂಗೂ ಇತ್ತು ಅಕ್ಕ, ನಿಮ್ಮೇಲೆ. ಅವತ್ತು ನೀವು ಬೆನ್ಮೇಲೆ ಹಾಕ್ಕೊಂಡು ಬಂದ್ರಲ್ಲ, ಯಾರ್ನೂ ಕೇಳ್ದೆ, ಯಾರಿಗೂ ಅಂಜ್ದೆ. ನಾನು ಬಾಗಿಲ ಸಂದೀಲಿ ನಿಂತ್ಕೊಂಡು ನೋಡ್ತಿದ್ದೆ. ರಾತ್ರಿಯೆಲ್ಲಾ ನಿದ್ದೆ ಬರ್ನಿಲ್ಲ. ನಂಗೆ ಗಿಟಾರು ಬೇಕು ಅನ್ನಿಸ್ನಿಲ್ಲ ಆಗ. ನಿಮ್ಮಂಗೆ ಇರ್ಬೇಕು ಅನ್ನುಸ್ತು. ನಿಮ್ಮನ್ ಕಂಡ್ರೆ ಸಿಟ್ಟೇ ಬತ್ತಿತ್ತು."

ಅಷ್ಟು ತಿಂಗಳು ಒಂದೇ ಅಡಿಗೆಮನೆಯಲ್ಲಿ ಓಡಾಡಿದವಳ ಒಳಗೆ ಹೀಗೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮೇಲೂ ಹೊಟ್ಟೆಕಿಚ್ಚು ಪಡುವವರಿದ್ದಾರೆ ಎಂದು ಕೇಳಿ ನನಗಾದ ಖುಷಿಯನ್ನು ಮುಚ್ಚಿಟ್ಟುಕೊಳ್ಳಲು ಕಷ್ಟವಾಯಿತು.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಾವ್ಯ ಎರಡು ವರ್ಷಗಳಲ್ಲಿ ಸುತ್ತಲ ಊರಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡುವಷ್ಟು ಕಲಿತಳು. ನಾನು ಕಲಿತದ್ದು ನಾಲ್ಕೈದು ಹಾಡು. ಮಕ್ಕಳ ಶಾಲೆಗೆಂದು ನಾವು ಹುಣಸೂರಿಗೆ ಬಂದು ಮನೆ ಮಾಡಿದೆವು. ಹಬ್ಬಕ್ಕೆ ಹೋದಾಗ ಇಬ್ಬರೂ ಕೂತು ನುಡಿಸುತ್ತೇವೆ. ಅವಳು ಪದ ನುಡಿಸುತ್ತಾಳೆ, ನಾನು ಹಿಂದೆ ಕಾರ್ಡು ಹಿಡಿಯುತ್ತೇನೆ. ಯಾರಾದರೂ ಹೊಗಳಿದರೆ ಅವಳು ಗಿಟಾರು ತೋರಿಸಿ, "ಇದು ನಮ್ಮಕ್ಕ ಆರ್ಸಿದ್ದು" ಎನ್ನುತ್ತಾಳೆ. ಈ ಮಾತು ಹಬ್ಬಿ, ಅವಳ ಹತ್ತಿರ ಕಲಿಯಲು ಬರುವ ಹುಡುಗಿಯರೆಲ್ಲ ಮೊದಲ ಗಿಟಾರು ಕೊಳ್ಳುವಾಗ ನನ್ನನ್ನೇ ಕರೆದುಕೊಂಡು ಹೋಗುತ್ತಾರೆ. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಎಲ್ಲ ಕಡೆಯಿಂದ ಬರುತ್ತಾರೆ.

ಹೋದ ತಿಂಗಳು ಎಚ್.ಡಿ. ಕೋಟೆಯಿಂದ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಅವಳಿಗೆ ಗುಲಾಬಿ ಬಣ್ಣದ್ದು ಬೇಕಿತ್ತು. ಅಂಗಡಿಯಲ್ಲಿ ನಾನು ಒಂದೊಂದನ್ನೇ ತೊಡೆಯ ಮೇಲಿಟ್ಟು, ಒತ್ತಿ, ಕೇಳಿ, ಇಡುತ್ತಾ ಹೋದೆ. ಯಾವುದನ್ನು ಕೇಳಿಯೂ ನನ್ನೊಳಗೆ ಏನೂ ಆಗಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಒಂದನ್ನು ಮೀಟಿದೆ. ಕೂಡಲೇ ಕಾವ್ಯಳ ಗಿಟಾರು ಆರಿಸಿದ ದಿನದ ಅದೇ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಇದು ಈ ಮಗುವಿಗೆ ಯಾಕೆ ಹೋಗಬೇಕು, ನನಗೆ ಯಾಕೆ ಸಿಗಬಾರದು ಎನ್ನಿಸಿತು.

"ಆಂಟಿ, ಚೆನ್ನಾಗಿಲ್ವಾ ಅದು?" ಹುಡುಗಿ ನನ್ನ ಮುಖ ನೋಡಿ ಹೆದರಿ ಕೇಳಿದಳು.

"ಇದೇ ಕಣವ್ವಾ ನಿಂದು" ಎಂದು ಅವಳ ಕೈಗೆ ಕೊಟ್ಟೆ.